ಎಸ್‌ಎಸ್‌ಡಿನಾ, ಹಾರ್ಡ್ ಡಿಸ್ಕಾ?

ಲ್ಯಾಪ್‌ಟಾಪ್ ಆನ್ ಮಾಡಿ, ಟೀ ಕಾಯಿಸಿ, ಸೋಸಿ, ಕುಡಿದು ಬಂದ್ರೂ ಆ ಚುಕ್ಕಿಗಳು ಸುತ್ತುತ್ತಾನೇ ಇವೆಯಾ? ಪ್ರೊಸೆಸರನ್ನ ಬೈಬೇಡಿ. ಕಿವಿ ಹತ್ತಿರ ತನ್ನಿ. ಕಟ್... ಕಟ್... ಕೇಳಿಸ್ತಾ? ಒಳಗೊಂದು ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗ್ತಿದೆ. ಅದರ ಮೇಲೆ ಪುಟ್ಟ ತೋಳೊಂದು ಫೈಲಿನ ಒಂದೊಂದು ಚೂರನ್ನೂ ಹುಡುಕ್ಕೊಂಡು ಅತ್ತಿಂದಿತ್ತ ಓಡಾಡ್ತಿದೆ. ನಿಮ್ಮನ್ನ ಕಾಯಿಸ್ತಿರೋದು ಆ ಓಡಾಟಾನೇ.

ಎಸ್‌ಎಸ್‌ಡಿಯಲ್ಲಿ ತಿರುಗೋದು ಏನೂ ಇಲ್ಲ, ಬರೀ ಚಿಪ್‌ಗಳು. ಹಳೇ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದ್ರೆ, ಸಾಟಾ ಎಸ್‌ಎಸ್‌ಡಿ 500 ದಾಟುತ್ತೆ.

ಹಾಗಂತ ಈಗಲೇ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗೆ ಓಡ್ಬೇಡಿ. ಲ್ಯಾಪ್‌ಟಾಪಿನ ಮಾಡೆಲ್ ನಂಬರ್ ನೆಟ್‌ನಲ್ಲಿ ಹಾಕಿ ನೋಡಿ: 2.5 ಇಂಚಿನ ಜಾಗ ಇದೆಯಾ, ಚೂಯಿಂಗ್ ಗಮ್ ಪಟ್ಟಿ ಥರದ ಎಂ.2 ಸ್ಲಾಟ್ ಇದೆಯಾ? ಎಂ.2ನಲ್ಲೂ ಸಾಟಾ, ಎನ್‌ವಿಎಂಇ ಅಂತ ಎರಡು ಜಾತಿ. ನೋಡೋಕೆ ಅಣ್ಣ-ತಮ್ಮ, ಆದ್ರೆ ಎಲ್ಲ ಸ್ಲಾಟ್‌ನಲ್ಲೂ ಎರಡೂ ನಡೆಯಲ್ಲ.

ವಿಂಡೋಸ್‌ಗೆ ಎಸ್‌ಎಸ್‌ಡಿನೇ, ಎರಡು ಮಾತಿಲ್ಲ. 128 ಜಿಬಿ ಮಾತ್ರ ಬೇಡ, ಅಪ್‌ಡೇಟ್‌ಗಳಿಗೇ ಉಸಿರುಗಟ್ಟುತ್ತೆ. 500 ತಗೊಳ್ಳಿ. ಮದುವೆ ವಿಡಿಯೋ ರಾಶಿ ಇಡೋಕಾದ್ರೆ ಹಾರ್ಡ್ ಡಿಸ್ಕೇ ಅಗ್ಗ. ಬಿಚ್ಚಿದ ಹಳೇದನ್ನ ಯುಎಸ್‌ಬಿ ಕೇಸ್‌ಗೆ ಹಾಕಿ ಬ್ಯಾಕಪ್‌ಗೆ ಇಟ್ಕೊಳ್ಳಿ. ಆ ಕಟಕಟ ಜೋರಾಗಿದ್ಯಾ? ಹಾಗಾದ್ರೆ ಅದನ್ನ ನಂಬ್ಬೇಡಿ, ಇವತ್ತೇ ಕಾಪಿ ಮಾಡ್ಕೊಳ್ಳಿ.