ಗೋದಾಮಿನ ಬೆಕ್ಕಿಗೆ ಕಾಯಿಲೆ ಬಂದಾಗ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಪೇಟೆಬೀದಿಗಳಲ್ಲಿ ಧಾನ್ಯ, ಕೊಬ್ಬರಿ, ಬೆಲ್ಲ, ಬಿತ್ತನೆ ಬೀಜಗಳ ವಹಿವಾಟು ನಡೆಸುವ ಮಳಿಗೆಗಳಲ್ಲಿ ಮಾಲೀಕರ ಹೆಸರು ಬೋರ್ಡಿನ ಮೇಲಿರುತ್ತದೆ, ಗುಮಾಸ್ತರ ಹೆಸರು ಹಾಜರಿ ಪುಸ್ತಕದಲ್ಲಿರುತ್ತದೆ. ಮೂಟೆಗಳ ಮೇಲೆ ಮಲಗಿರುವ ಬೆಕ್ಕಿನ ಹೆಸರು ಮಾತ್ರ ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ಹಳ್ಳಿಯ ಗಿರಾಕಿಗಳು ಕೊತ್ತಿ ಎಂದು ಕರೆಯುವ ಈ ಪ್ರಾಣಿ ಸಂಬಳ ಕೇಳುವುದಿಲ್ಲ, ರಜೆ ಬೇಡುವುದಿಲ್ಲ. ಒಂದಿಷ್ಟು ಹಾಲು, ಅನ್ನ, ಕೆಲವೊಮ್ಮೆ ಒಂದು ತುಂಡು ಮೀನು ಅದರ ವೇತನ. ಹಾಗಾಗಿ ಅದು ಹಠಾತ್ತನೆ ಕಾಯಿಲೆ ಬಿದ್ದಾಗ ಏನು ಮಾಡಬೇಕು, ಎಷ್ಟು ಖರ್ಚು ಮಾಡಬೇಕು, ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆಗಳಿಗೆ ಬಹುತೇಕ ವರ್ತಕರಲ್ಲಿ ಸಿದ್ಧ ಉತ್ತರವಿರುವುದಿಲ್ಲ.

ಶನಿವಾರ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಮೂರು ವರ್ಷದ ಗಂಡು ಬೆಕ್ಕೊಂದು ಮೂಲೆಯಲ್ಲಿ ಕುಳಿತು ತಿಣುಕುತ್ತಿದೆ ಎಂದಿಟ್ಟುಕೊಳ್ಳಬಹುದು. ಮತ್ತೆ ಮತ್ತೆ ಮಣ್ಣಿನ ಜಾಗಕ್ಕೆ ಹೋಗುತ್ತದೆ, ಏನೂ ಆಗದೆ ಮರಳುತ್ತದೆ, ಹಿಂಭಾಗವನ್ನು ನೆಕ್ಕಿಕೊಳ್ಳುತ್ತದೆ, ನೋವಿನಿಂದ ಕೂಗುತ್ತದೆ. ನೋಡಿದವರು ಮಲಬದ್ಧತೆಯೆಂದು ಭಾವಿಸಿ ಹರಳೆಣ್ಣೆ ಕುಡಿಸುತ್ತಾರೆ. ಭಾನುವಾರ ಕಳೆಯುತ್ತದೆ. ಸೋಮವಾರ ಬೆಳಿಗ್ಗೆ ಬೆಕ್ಕು ವಾಂತಿ ಮಾಡಿ ಮೈ ತಣ್ಣಗಾಗಿ ಬಿದ್ದಿರುತ್ತದೆ. ವಾಸ್ತವದಲ್ಲಿ ಕಟ್ಟಿಕೊಂಡಿರುವುದು ಮಲವಲ್ಲ, ಮೂತ್ರ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳಿನಂಥ ಕಣಗಳು, ಲೋಳೆ ಅಥವಾ ಊತದಿಂದ ಅದು ಮುಚ್ಚಿಕೊಂಡರೆ ಮೂತ್ರಕೋಶ ಕಲ್ಲಿನಂತೆ ಗಟ್ಟಿಯಾಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಅಂಶ ಏರಿ ಹೃದಯದ ಬಡಿತವೇ ತಪ್ಪುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಎರಡು ಮೂರು ದಿನಗಳಲ್ಲಿ ಸಾವು ಖಚಿತವೆಂದೇ ಹೇಳಬೇಕು.

ಇಲ್ಲಿ ವೆಚ್ಚದ ಲೆಕ್ಕವನ್ನು ಗಮನಿಸಬೇಕು. ಶನಿವಾರ ರಾತ್ರಿಯೇ ಅಥವಾ ಭಾನುವಾರ ಮುಂಜಾನೆ ವೈದ್ಯರ ಬಳಿಗೆ ಒಯ್ದಿದ್ದರೆ ಮಂಪರು ಬರಿಸಿ, ಮೂತ್ರನಾಳಕ್ಕೆ ಕೊಳವೆ ಹಾಕಿ, ಒಂದೆರಡು ದಿನ ಔಷಧೋಪಚಾರ ಮಾಡಿದರೆ ಮುಗಿಯಬಹುದಾಗಿದ್ದ ಪ್ರಸಂಗ ಸೋಮವಾರಕ್ಕೆ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಹಗಲಿರುಳು ಡ್ರಿಪ್, ಒಳರೋಗಿ ವಾಸ ಇವೆಲ್ಲವನ್ನೂ ಬೇಡುತ್ತದೆ. ದೊಡ್ಡ ನಗರಗಳ ಖಾಸಗಿ ಆಸ್ಪತ್ರೆಗಳಲ್ಲಿ ಇಂತಹ ಕೆಲವು ದಿನಗಳ ಚಿಕಿತ್ಸೆಯ ಬಿಲ್ಲು ಹತ್ತು ಸಾವಿರ ರೂಪಾಯಿಗಳನ್ನು ದಾಟುವುದು ಅಪರೂಪವಲ್ಲ. ಬಿಲ್ಲನ್ನು ಬೆಳೆಸುವುದು ಹೆಚ್ಚಿನ ಸಲ ವೈದ್ಯರ ಶುಲ್ಕವಲ್ಲ, ಕಳೆದುಹೋದ ಎರಡು ದಿನ. ಲಾರಿಯ ಎಂಜಿನ್ನಿನಲ್ಲಿ ಹೊಸ ಸದ್ದೊಂದು ಕೇಳಿಸಿದರೆ ಅದೇ ಸಂಜೆ ಮೆಕ್ಯಾನಿಕ್ಕನನ್ನು ಕರೆಸುವ ವರ್ತಕರು ಬೆಕ್ಕಿನ ವಿಷಯದಲ್ಲಿ ಮಾತ್ರ ‘ನಾಳೆ ನೋಡೋಣ’ ಎನ್ನುವುದು ವಿಚಿತ್ರವೇ ಸರಿ.

ಬೆಕ್ಕು ತನ್ನ ನೋವನ್ನು ಬಚ್ಚಿಡುವ ಪ್ರಾಣಿಯಾದುದರಿಂದ ಕಾಯಿಲೆ ಹಠಾತ್ತನೆ ಬಂದಂತೆ ತೋರುತ್ತದೆ. ನಾಯಿ ಕುಂಯ್ಗುಟ್ಟುತ್ತದೆ, ಹಸು ಮೇವು ಬಿಡುತ್ತದೆ, ಬೆಕ್ಕು ಮೂಟೆಗಳ ಸಂದಿಗೆ ಸರಿದು ಸುಮ್ಮನಾಗುತ್ತದೆ. ಒಂದು ದಿನ ಪೂರ್ತಿ ಆಹಾರ ಮುಟ್ಟದಿದ್ದರೆ ಅದನ್ನು ಎಚ್ಚರಿಕೆಯ ಸೂಚನೆಯೆಂದೇ ತಿಳಿಯಬೇಕು. ಅದರಲ್ಲಿಯೂ ಮೈದುಂಬಿದ ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಮತ್ತೊಂದು ಗಂಭೀರ ರೋಗಕ್ಕೆ ದಾರಿಯಾಗುತ್ತದೆ. ಬಾಯಿ ತೆರೆದು ಏದುಸಿರು ಬಿಡುವುದು, ಹಿಂಗಾಲು ಎಳೆಯುವುದು, ಪದೇ ಪದೇ ವಾಂತಿ, ವಸಡು ಬಿಳಿಚಿಕೊಳ್ಳುವುದು ಅಥವಾ ನೀಲಿಗಟ್ಟುವುದು ಇವು ಬೆಳಗಾಗುವವರೆಗೆ ಕಾಯುವ ಲಕ್ಷಣಗಳಲ್ಲ.

ವಿಳಂಬಕ್ಕಿಂತಲೂ ಅಪಾಯಕಾರಿಯಾದುದು ಮನೆಮದ್ದು. ಜ್ವರವೆಂದು ಊಹಿಸಿ ಗಲ್ಲಾಪೆಟ್ಟಿಗೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಹಾಲಿನಲ್ಲಿ ಕರಗಿಸಿ ಕೊಡುವವರಿದ್ದಾರೆ. ಮನುಷ್ಯರಿಗೆ ನಿರಪಾಯಕಾರಿಯಾದ ಈ ಔಷಧ ಬೆಕ್ಕಿಗೆ ವಿಷ. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಸಾಲದು. ರಕ್ತವು ಆಮ್ಲಜನಕವನ್ನು ಒಯ್ಯುವ ಗುಣವನ್ನು ಕಳೆದುಕೊಳ್ಳುತ್ತದೆ, ವಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಊದಿಕೊಳ್ಳುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಪ್ರಾಣಕ್ಕೆ ಎರವಾಗಬಲ್ಲದು. ತಪ್ಪಿ ಕೊಟ್ಟಿದ್ದರೆ ಸಂಕೋಚಪಡದೆ ವೈದ್ಯರಿಗೆ ಮೊದಲ ಮಾತಿನಲ್ಲಿಯೇ ತಿಳಿಸಬೇಕು. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ, ಆದರೆ ಅದು ಬೇಗ ಸಿಕ್ಕಿದರಷ್ಟೇ ಫಲ. ನಾಯಿಗಳ ಉಣ್ಣೆ ನಿವಾರಣೆಗೆ ಬಳಸುವ ಪರ್ಮೆಥ್ರಿನ್ ಔಷಧಗಳೂ ಬೆಕ್ಕಿಗೆ ನಡುಕ, ಸೆಳವು ತರುತ್ತವೆ. ಹಸುವಿಗೆಂದು ತಂದ ಉಣ್ಣೆ ಔಷಧವನ್ನು ನೀರಿಗೆ ಬೆರೆಸಿ ಬೆಕ್ಕಿಗೂ ಸವರುವ ಅಭ್ಯಾಸವನ್ನು ಬಿಡಬೇಕು.

ಎಲ್ಲಿಗೆ ಒಯ್ಯುವುದು?

ಜಿಲ್ಲೆಯು ಹೈನುಗಾರಿಕೆಯ ಸೀಮೆ. ತಾಲ್ಲೂಕು ಕೇಂದ್ರಗಳಲ್ಲಿ ಪಶುಪಾಲನಾ ಇಲಾಖೆಯ ಆಸ್ಪತ್ರೆಗಳಿವೆ. ಅಲ್ಲಿನ ವೈದ್ಯರ ದಿನ ಹೆಚ್ಚಾಗಿ ಹಸು, ಎಮ್ಮೆ, ಕುರಿಗಳ ಸೇವೆಯಲ್ಲಿ ಕಳೆಯುತ್ತದೆಯಾದರೂ ಪ್ರಥಮ ಪರೀಕ್ಷೆ, ಚುಚ್ಚುಮದ್ದು, ಡ್ರಿಪ್‌ಗಳಿಗೆ ಅದೇ ಹತ್ತಿರದ ಬಾಗಿಲು. ಅದಕ್ಕೂ ಮೇಲ್ಪಟ್ಟ ಚಿಕಿತ್ಸೆಗೆ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಬೀದರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಸ್ಥೆಯಿದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನಕ್ಕೆ ಸುಮಾರು ಮೂವತ್ತರಿಂದ ನಲವತ್ತು ಕಿಲೋಮೀಟರ್ ದೂರ. ಸರಕಿನ ಆಟೋದಲ್ಲಿಯೂ ಗಂಟೆಯೊಂದರ ದಾರಿ. ಬೆಂಗಳೂರಿನ ಹೆಬ್ಬಾಳದಲ್ಲಿರುವ, 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಕೊನೆಯ ಆಶ್ರಯ. ಮೂತ್ರ ಕಟ್ಟಿದ ಬೆಕ್ಕನ್ನು ನೇರವಾಗಿ ಅಷ್ಟು ದೂರ ಸಾಗಿಸುವುದಕ್ಕಿಂತ ಹತ್ತಿರದಲ್ಲಿ ಮೊದಲು ಮೂತ್ರಕೋಶವನ್ನು ಖಾಲಿ ಮಾಡಿಸುವುದು ವಿವೇಕ. ಹೊರಡುವ ಮುನ್ನ ದೂರವಾಣಿ ಮಾಡಿ ವೈದ್ಯರು ಇದ್ದಾರೆಯೇ, ಬೆಕ್ಕಿಗೆ ಕೊಳವೆ ಹಾಕುವ ಸೌಕರ್ಯವಿದೆಯೇ ಎಂದು ಕೇಳಿದರೆ ಒಂದು ವ್ಯರ್ಥ ಪ್ರಯಾಣ ಉಳಿಯುತ್ತದೆ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ಘಟಕಗಳ 1962 ಎಂಬ ಶುಲ್ಕರಹಿತ ಸಂಖ್ಯೆಯು ಮುಖ್ಯವಾಗಿ ಜಾನುವಾರುಗಳಿಗಾಗಿ ಇರುವುದಾದರೂ ಮಾರ್ಗದರ್ಶನಕ್ಕೆ ಪ್ರಯತ್ನಿಸಬಹುದು.

ಸಾಗಿಸಲು ಟೊಮೆಟೊ ತುಂಬುವ ಎರಡು ಪ್ಲಾಸ್ಟಿಕ್ ಕ್ರೇಟುಗಳನ್ನು ಒಂದರ ಮೇಲೊಂದು ಬೋರಲು ಹಾಕಿ ಹಗ್ಗದಿಂದ ಬಿಗಿದರೆ ಒಳ್ಳೆಯ ಪಂಜರವಾಗುತ್ತದೆ. ಒಳಗೊಂದು ಗೋಣಿತಾಟು ಸಾಕು. ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೇ ಕಚ್ಚುತ್ತದೆ; ಹಿಡಿಯುವಾಗ ದಪ್ಪ ಬಟ್ಟೆ ಹೊದಿಸಬೇಕು. ಕಚ್ಚಿದ ಅಥವಾ ಪರಚಿದ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ವಿಚಾರಿಸಬೇಕು. ರೇಬೀಸ್ ನಾಯಿಯಿಂದ ಮಾತ್ರ ಬರುವ ರೋಗವಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂಬಷ್ಟು ವಿರಳ. ಬೆಕ್ಕಿನ ವೆಚ್ಚವನ್ನು ಲೆಕ್ಕ ಹಾಕುವಾಗ ಹಮಾಲಿಯ ಕೈಮೇಲಿನ ಗೀರನ್ನು ಮರೆಯಲಾಗದು.

ಹಣದ ಮಾತು

ವೈದ್ಯರೊಡನೆ ಹಣದ ಮಾತನಾಡುವುದು ಅಗೌರವವೆಂಬ ಭಾವನೆ ಅನೇಕರಲ್ಲಿದೆ. ದಿನವಿಡೀ ದರ ಕುದುರಿಸುವ ವರ್ತಕರೇ ಆಸ್ಪತ್ರೆಯಲ್ಲಿ ಮೂಕರಾಗಿ, ಬಿಲ್ಲು ಕಂಡಮೇಲೆ ಅಸಮಾಧಾನಗೊಳ್ಳುತ್ತಾರೆ. ಈ ದಿನವೇ ಆಗಬೇಕಾದುದು ಯಾವುದು, ನಾಳೆಯವರೆಗೆ ಕಾಯಬಹುದಾದುದು ಯಾವುದು, ಇಷ್ಟು ಮಾಡಿದರೆ ಉಳಿಯುವ ಸಂಭವವೆಷ್ಟು, ಮರುಕಳಿಸುವ ಸಂಭವವೆಷ್ಟು ಎಂದು ಆರಂಭದಲ್ಲಿಯೇ ಕೇಳಿದರೆ ಯಾವ ವೈದ್ಯರೂ ತಪ್ಪು ತಿಳಿಯುವುದಿಲ್ಲ. ಪರೀಕ್ಷೆಗಳನ್ನು ಹಂತ ಹಂತವಾಗಿ ಮಾಡಿಸಲು ಸಾಧ್ಯ. ಮೂತ್ರ ಕಟ್ಟುವ ಕಾಯಿಲೆ ಮರುಕಳಿಸುವಂಥದು; ಆದುದರಿಂದ ಬದುಕಿದ ಬೆಕ್ಕಿಗೆ ನೀರಿನಂಶ ಹೆಚ್ಚಿರುವ ಆಹಾರ, ಗೋದಾಮಿನ ಎರಡು ಮೂರು ಕಡೆ ಶುದ್ಧ ನೀರಿನ ಬಟ್ಟಲುಗಳನ್ನು ಇಡುವುದು ಮುಂದಿನ ಬಿಲ್ಲಿಗೆ ಹಾಕುವ ಅಡ್ಡಗಟ್ಟೆ.

ಅಣ್ಣತಮ್ಮಂದಿರು ಕೂಡಿ ನಡೆಸುವ ಅಂಗಡಿಗಳಲ್ಲಿ ಇನ್ನೊಂದು ತೊಡಕು. ಬೆಕ್ಕನ್ನು ಹಿಡಿದುಕೊಂಡು ಆಸ್ಪತ್ರೆಯಲ್ಲಿ ನಿಂತ ಗುಮಾಸ್ತನಿಗೆ ಒಪ್ಪಿಗೆ ಕೊಡುವ ಅಧಿಕಾರವಿರುವುದಿಲ್ಲ. ಅಣ್ಣನವರು ತಮ್ಮನವರನ್ನು ಕೇಳಿ ಎನ್ನುತ್ತಾರೆ, ತಮ್ಮನವರು ಮದುವೆಮನೆಯಲ್ಲಿರುತ್ತಾರೆ. ಇಷ್ಟು ಮೊತ್ತದವರೆಗೆ ಯಾರನ್ನೂ ಕೇಳದೆ ಚಿಕಿತ್ಸೆ ಮಾಡಿಸಬಹುದು ಎಂಬ ಮಿತಿಯೊಂದನ್ನು ಮೊದಲೇ ಗೊತ್ತುಪಡಿಸಿಟ್ಟರೆ ಆ ಅಮೂಲ್ಯ ಗಂಟೆಗಳು ಉಳಿಯುತ್ತವೆ. ತಿಂಗಳಿಗೆ 300 ರೂಪಾಯಿ ಬೇರೆ ಲಕೋಟೆಯಲ್ಲಿ ತೆಗೆದಿಟ್ಟರೆ ವರ್ಷಕ್ಕೆ 3,600, ಮೂರು ವರ್ಷಕ್ಕೆ 10,800 ರೂಪಾಯಿ. ಕೆಲವು ಸಾಮಾನ್ಯ ವಿಮಾ ಕಂಪನಿಗಳು ಸಾಕುಪ್ರಾಣಿಗಳಿಗೆ ವಿಮೆ ನೀಡುತ್ತಿವೆಯಾದರೂ ಮೊದಲೇ ಇರುವ ಕಾಯಿಲೆಯನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. ಮೂಟೆಗಳ ನಡುವೆ ಹುಟ್ಟಿ ಬೆಳೆದ ನಾಡುಬೆಕ್ಕಿಗೆ ಈ ಲಕೋಟೆಯೇ ಹೆಚ್ಚು ಭರವಸೆಯ ವಿಮೆ.

ಗುಣವಾಗುವ ಆಸೆಯಿಲ್ಲದೆ ನರಳುತ್ತಿರುವ ಪ್ರಾಣಿಗೆ ವೈದ್ಯರ ಕೈಯಿಂದ ನೋವಿಲ್ಲದ ಸಾವು ಕೊಡಿಸುವುದನ್ನು ಕೆಲವರು ಪಾಪವೆಂದು ಭಾವಿಸುತ್ತಾರೆ. ಅವರವರ ನಂಬಿಕೆ ಅವರವರದು. ಆದರೆ ಖರ್ಚಿಗೆ ಅಂಜಿ ಊರಾಚೆಯ ತೋಟದಲ್ಲಿ ಬಿಟ್ಟುಬರುವುದು ಮಾತ್ರ ಯಾವ ಲೆಕ್ಕದಲ್ಲಿಯೂ ಸಲ್ಲದು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಂತೆ ಅದು ಅಪರಾಧವೂ ಹೌದು.

ಈ ವೆಚ್ಚವನ್ನು ವ್ಯಾಪಾರದ ಖಾತೆಗೆ ಬರೆಯಬಹುದೇ ಎಂಬುದು ಸಹಜವಾದ ಪ್ರಶ್ನೆ. ಸಂಪೂರ್ಣವಾಗಿ ವ್ಯವಹಾರಕ್ಕಾಗಿಯೇ ಮಾಡಿದ ಖರ್ಚನ್ನು ಕಳೆಯಲು 1961ರ ಆದಾಯ ತೆರಿಗೆ ಕಾಯಿದೆಯ 37(1)ನೆಯ ಕಲಮು ಅವಕಾಶ ನೀಡಿತ್ತು. ವ್ಯವಹಾರಕ್ಕೆ ಬಳಸಿದ ಪ್ರಾಣಿ ಸತ್ತರೆ ಅದರ ಕ್ರಯದ ನಷ್ಟಕ್ಕೂ 36ನೆಯ ಕಲಮಿನಲ್ಲಿ ಪ್ರತ್ಯೇಕ ಖಂಡವಿತ್ತು. 2026ರ ಏಪ್ರಿಲ್ 1ರಿಂದ ಜಾರಿಯ ದಿನಾಂಕ ಹೊಂದಿರುವ 2025ರ ಹೊಸ ಕಾಯಿದೆಯಡಿ ಕಲಮುಗಳ ಸಂಖ್ಯೆ ಬೇರೆ. ಗೋದಾಮಿನ ಬೆಕ್ಕಿಗೂ ಮಾಲೀಕರ ಮನೆಯ ಸೋಫಾದ ಬೆಕ್ಕಿಗೂ ವ್ಯತ್ಯಾಸವಿದೆಯೆಂಬುದನ್ನು ನೆನಪಿಟ್ಟು ಲೆಕ್ಕಪರಿಶೋಧಕರನ್ನು ಕೇಳುವುದು ಒಳಿತು. ಪಶುಚಿಕಿತ್ಸಾಲಯದ ಆರೋಗ್ಯಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅಂಗಡಿಯಿಂದ ಕೊಳ್ಳುವ ಔಷಧ, ಆಹಾರಗಳಿಗೆ ಅವುಗಳದೇ ದರ.

ಬೆಕ್ಕೂ ಪಾಷಾಣವೂ

ಒಂದೇ ಗೋದಾಮಿನಲ್ಲಿ ಬೆಕ್ಕನ್ನೂ ಇಲಿ ಪಾಷಾಣವನ್ನೂ ಇಡುವುದು ಒಂದೇ ಕೆಲಸಕ್ಕೆ ಇಬ್ಬರನ್ನು ನೇಮಿಸಿ ಒಬ್ಬನಿಂದ ಮತ್ತೊಬ್ಬನನ್ನು ಕೊಲ್ಲಿಸಿದಂತೆ. ಬ್ರೋಮಾಡಿಯೋಲೋನ್ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಓಡಾಡುತ್ತದೆ, ಸುಲಭವಾಗಿ ಬೆಕ್ಕಿಗೆ ಸಿಕ್ಕುತ್ತದೆ. ಬೆಕ್ಕಿನ ದೇಹದೊಳಗೆ ರಕ್ತಸ್ರಾವ ಆರಂಭವಾದರೆ ವಿಟಮಿನ್ ಕೆ1 ಚಿಕಿತ್ಸೆಯನ್ನು ವಾರಗಟ್ಟಲೆ ನಡೆಸಬೇಕಾಗುತ್ತದೆ. ಸತುವಿನ ಫಾಸ್ಫೈಡಿಗೆ ನಿರ್ದಿಷ್ಟ ಪ್ರತ್ಯೌಷಧವೇ ಇಲ್ಲ. ವಿಷದ ಸಂಶಯವಿದ್ದರೆ ಅದರ ಪೊಟ್ಟಣವನ್ನು ವೈದ್ಯರ ಬಳಿಗೆ ಒಯ್ಯಬೇಕು. ಯಾವ ವಿಷವೆಂಬುದು ತಿಳಿದರೆ ಅರ್ಧ ಪರೀಕ್ಷೆಗಳು ಉಳಿಯುತ್ತವೆ. ಧಾನ್ಯದ ಹುಳುವಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳಿಂದ ಹೊರಡುವ ಅನಿಲ ಮನುಷ್ಯರನ್ನೂ ಕೊಲ್ಲುವಂಥದು. ಅದರ ಬಳಕೆಯನ್ನು ಸರ್ಕಾರವು ತಜ್ಞರಿಗೆ ಸೀಮಿತಗೊಳಿಸಿದೆ. ತಜ್ಞರು ಬಂದು ತಾಟು ಹೊದಿಸುವ ಮುನ್ನ ಮೂಟೆಗಳ ಹಿಂದೆ ಮರಿ ಹಾಕಿದ ಬೆಕ್ಕಿದೆಯೇ ಎಂದು ಎಣಿಸಿ ನೋಡುವುದು ಗುಮಾಸ್ತರ ಕೆಲಸವಾಗಲಿ.

ಬೆಕ್ಕು ಸತ್ತರೆ ಮರುವಾರವೇ ಮತ್ತೊಂದು ಮರಿಯನ್ನು ತರುವುದು ವಾಡಿಕೆ. ವಾಂತಿ, ಭೇದಿ, ಜ್ವರಗಳಿಂದ ಸತ್ತಿದ್ದರೆ ಇದು ದುಡುಕು. ಪ್ಯಾನ್‌ಲ್ಯುಕೋಪೇನಿಯ ಎಂಬ ಸಾಂಕ್ರಾಮಿಕದ ವೈರಾಣು ನೆಲ, ಗೋಣಿಚೀಲಗಳಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಸಾಮಾನ್ಯ ಫಿನಾಯಿಲಿಗೆ ಅದು ಜಗ್ಗುವುದೂ ಇಲ್ಲ, ಬೆಕ್ಕುಗಳಿಗೆ ಫಿನಾಯಿಲೇ ಹಾನಿಕರ. ಕಸ ತೆಗೆದು, ತೊಳೆದು, ನೀರು ಬೆರೆಸಿದ ಬ್ಲೀಚಿಂಗ್ ದ್ರಾವಣದಿಂದ ಒರೆಸಿ, ಹಳೆಯ ತಾಟುಗಳನ್ನು ಸುಡಬೇಕು. ಹೊಸ ಮರಿಗೆ ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಮೊದಲ ಲಸಿಕೆ, ಮುಂದೆ ಮೂರು ನಾಲ್ಕು ವಾರಗಳಿಗೊಮ್ಮೆ ಹದಿನಾರು ವಾರಗಳವರೆಗೆ ಮರುಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಅದು ಪೂರ್ಣವಾದ ಬಳಿಕವೇ ಗೋದಾಮಿಗೆ ಬಿಡಬೇಕು. ಲೈಸೆನ್ಸ್ ನವೀಕರಣದ ದಿನಾಂಕಗಳನ್ನು ಗುರುತು ಹಾಕುವ ಅದೇ ಗೋಡೆ ಕ್ಯಾಲೆಂಡರಿನಲ್ಲಿ ಈ ತಾರೀಖುಗಳಿಗೂ ಜಾಗವಿದೆ.