ರೇಡಿಯೋ ತರಂಗ ಗುರುತಿನ ಚಿಪ್: ಕಾರ್ಯವಿಧಾನ ಮತ್ತು ಉಪಯೋಗಗಳು

ಕಮತಗಿಯಿಂದ ಹುನಗುಂದದ ಮೂಲಕ ವಿಜಯಪುರದ ಕಡೆಗಾಗಲಿ, ಇಳಕಲ್, ಕುಷ್ಟಗಿ, ಹೊಸಪೇಟೆಗಳ ಕಡೆಗಾಗಲಿ ತೆರಳುವ ವಾಹನಗಳು ರಾಷ್ಟ್ರೀಯ ಹೆದ್ದಾರಿ 50ನ್ನು ಸೇರುತ್ತವೆ. ಸೀರೆಯ ಗಂಟುಗಳನ್ನು ಸಾಗಿಸುವ ವಾಹನವಿರಲಿ, ಅಮೀನಗಡದ ಸಂತೆಯಿಂದ ಕುರಿಗಳನ್ನು ಒಯ್ಯುವ ಲಾರಿಯಿರಲಿ, ಹೆದ್ದಾರಿ ಶುಲ್ಕ ಕೇಂದ್ರದಲ್ಲಿ ಅದನ್ನು ಗುರುತಿಸುವುದು ಮುಂಭಾಗದ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್. ಇದು ಆರ್.ಎಫ್.ಐ.ಡಿ. ಅಂದರೆ ರೇಡಿಯೋ ತರಂಗಗಳ ಮೂಲಕ ಗುರುತಿಸುವ ತಂತ್ರಜ್ಞಾನವನ್ನು ಆಧರಿಸಿದೆ. ಇದರ ಬಗ್ಗೆ ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಚಿಪ್ ಕೆಲಸ ಮಾಡುವ ವಿಧಾನ

ಫಾಸ್ಟ್ಯಾಗ್‌ನ ಒಳಗೆ ಒಂದು ಸಣ್ಣ ಚಿಪ್ ಹಾಗೂ ಅದಕ್ಕೆ ಜೋಡಿಸಿದ ತೆಳುವಾದ ಲೋಹದ ಆಂಟೆನಾ ಇರುತ್ತವೆ. ಇದರಲ್ಲಿ ಬ್ಯಾಟರಿ ಇರುವುದಿಲ್ಲ. ಶುಲ್ಕ ಕೇಂದ್ರದ ಮೇಲ್ಭಾಗದಲ್ಲಿರುವ ರೀಡರ್ ಯಂತ್ರವು ಸುಮಾರು 865 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೋ ತರಂಗಗಳನ್ನು ಹೊರಸೂಸುತ್ತದೆ. ಆ ತರಂಗಗಳಿಂದ ದೊರೆಯುವ ಅತ್ಯಲ್ಪ ಶಕ್ತಿಯಿಂದಲೇ ಚಿಪ್ ಎಚ್ಚರಗೊಳ್ಳುತ್ತದೆ. ಬಳಿಕ ಅದು ಆಂಟೆನಾದಿಂದ ಪ್ರತಿಫಲಿಸುವ ತರಂಗವನ್ನು ಒಮ್ಮೆ ಹೆಚ್ಚಿಸಿ, ಒಮ್ಮೆ ತಗ್ಗಿಸಿ ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಪ್ರತಿಫಲಿತ ತರಂಗದಿಂದ ಸಂದೇಶ ಕಳುಹಿಸಬಹುದೆಂಬುದನ್ನು ಹ್ಯಾರಿ ಸ್ಟಾಕ್‌ಮನ್ 1948ರಲ್ಲಿಯೇ ಪ್ರಬಂಧವೊಂದರಲ್ಲಿ ವಿವರಿಸಿದ್ದರು.

ಲೋಹವು ಈ ತರಂಗಗಳಿಗೆ ಅಡ್ಡಿಯಾಗುತ್ತದೆ. ಆದ್ದರಿಂದ ಟ್ಯಾಗನ್ನು ಗಾಜಿನ ಒಳಮೈಗೆ ಸರಿಯಾಗಿ ಅಂಟಿಸತಕ್ಕದ್ದು. ಕೈಯಲ್ಲಿ ಹಿಡಿದು ತೋರಿಸುವ ಟ್ಯಾಗ್‌ಗಳನ್ನು ಕಪ್ಪುಪಟ್ಟಿಗೆ ಸೇರಿಸುವ ಕ್ರಮವನ್ನು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು 2025ರ ಜುಲೈನಲ್ಲಿ ಪ್ರಕಟಿಸಿತು.

ಹಣ ಎಲ್ಲಿರುತ್ತದೆ?

ಚಿಪ್‌ನಲ್ಲಿ ಹಣ ಇರುವುದಿಲ್ಲ. ವಾಹನವನ್ನು ಗುರುತಿಸುವ ವಿವರ ಮಾತ್ರ ಇರುತ್ತದೆ. ಹಣವು ಟ್ಯಾಗ್ ನೀಡಿದ ಬ್ಯಾಂಕಿನ ಖಾತೆಯಲ್ಲಿರುತ್ತದೆ. ಗಾಜು ಒರೆಸುವ ನೆಪದಲ್ಲಿ ಕೈಗಡಿಯಾರದಿಂದ ಟ್ಯಾಗ್ ಓದಿ ಹಣ ಕದಿಯುವ ದೃಶ್ಯವೊಂದು 2022ರ ಜೂನ್‌ನಲ್ಲಿ ಹರಿದಾಡಿದಾಗ, ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಅದು ಸುಳ್ಳೆಂದು ಸ್ಪಷ್ಟಪಡಿಸಿತು. ನೋಂದಾಯಿತ ವ್ಯಾಪಾರಿ ಸಂಸ್ಥೆಗಳು ಮಾತ್ರ ಈ ವ್ಯವಸ್ಥೆಯಲ್ಲಿ ಹಣ ಪಡೆಯಬಲ್ಲವು.

ನಿಯಮಗಳು ಮತ್ತು ವಾಹನ ಮಾಲೀಕರ ಹಕ್ಕು

- 2014ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಫಾಸ್ಟ್ಯಾಗ್, 2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಗಳ ಶುಲ್ಕ ಕೇಂದ್ರಗಳಲ್ಲಿ ಕಡ್ಡಾಯವಾಯಿತು. ಟ್ಯಾಗ್ ಇಲ್ಲದವರಿಗೆ ಎರಡು ಪಟ್ಟು ಶುಲ್ಕ ನಿಗದಿಯಾಯಿತು.
- 2025ರ ನವೆಂಬರ್ 15ರಿಂದ, ಸಿಂಧುವಾದ ಟ್ಯಾಗ್ ಇಲ್ಲದವರು ಯು.ಪಿ.ಐ. ಮೂಲಕ ಪಾವತಿಸಿದರೆ ಒಂದೂಕಾಲು ಪಟ್ಟು ಶುಲ್ಕವೆಂಬ ಏರ್ಪಾಡು ಜಾರಿಗೆ ಬಂದಿತು.
- ಟ್ಯಾಗ್ ಸುಸ್ಥಿತಿಯಲ್ಲಿದ್ದು ಖಾತೆಯಲ್ಲಿ ಸಾಕಷ್ಟು ಹಣವಿದ್ದೂ ಕೇಂದ್ರದ ಯಂತ್ರ ಕೆಟ್ಟಿದ್ದರೆ, ಶುಲ್ಕವಿಲ್ಲದೆ ಸಾಗಲು ಬಿಡಬೇಕೆಂದು 2018ರ ಮೇ ತಿಂಗಳ ಅಧಿಸೂಚನೆಯಲ್ಲಿ ತಿಳಿಸಲಾಯಿತು. ಯಂತ್ರದ ದೋಷಕ್ಕೆ ಚಾಲಕರು ದಂಡ ತೆರಬೇಕಾಗಿಲ್ಲ.

ಜಾನುವಾರುಗಳ ಕಿವಿಯೋಲೆ

ದನಗಳ ಕಿವಿಗೆ ಹಾಕುವ 12 ಅಂಕಿಗಳ ಹಳದಿ ಓಲೆಯನ್ನು ಕೆಲವರು ಇದೇ ಚಿಪ್ ಎಂದು ಭಾವಿಸುತ್ತಾರೆ. ಅದರಲ್ಲಿರುವುದು ಅಚ್ಚಾದ ಸಂಖ್ಯೆ ಮತ್ತು ಬಾರ್‌ಕೋಡ್ ಮಾತ್ರ. ಲಸಿಕೆ, ವಿಮೆ ಮುಂತಾದ ದಾಖಲೆಗಳು ಆ ಸಂಖ್ಯೆಯೊಂದಿಗೆ ಜೋಡಣೆಯಾಗಿರುತ್ತವೆ. ಓಲೆ ಕಳಚಿ ಬಿದ್ದರೆ ವಿಮೆ ಕೇಳುವಾಗ ರಾಸನ್ನು ಗುರುತಿಸುವುದು ಕಷ್ಟವಾದ್ದರಿಂದ, ಪಶುವೈದ್ಯಕೀಯ ಸಂಸ್ಥೆಗೆ ಕೂಡಲೇ ತಿಳಿಸುವುದು ಸೂಕ್ತ.

ಪ್ರಾಣಿಗಳಿಗಾಗಿಯೇ ಇರುವ ಆರ್.ಎಫ್.ಐ.ಡಿ. ಚಿಪ್‌ಗಳು ಬೇರೆ. ಅವು ಅಕ್ಕಿಕಾಳಿನಷ್ಟು ಗಾಜಿನ ಕೊಳವೆಯಲ್ಲಿದ್ದು, ಚರ್ಮದ ಕೆಳಗೆ ಸೇರಿಸಲ್ಪಡುತ್ತವೆ. 134.2 ಕಿಲೋಹರ್ಟ್ಸ್ ತರಂಗದಿಂದ ಇವುಗಳ 15 ಅಂಕಿಗಳ ಸಂಖ್ಯೆಯನ್ನು ಓದಲಾಗುತ್ತದೆ. ರೀಡರನ್ನು ಬಹು ಸಮೀಪಕ್ಕೆ ಹಿಡಿದಾಗ ಮಾತ್ರ ಇವು ಉತ್ತರಿಸುತ್ತವೆ. ಆದ್ದರಿಂದ ಕಳೆದುಹೋದ ರಾಸು ಎಲ್ಲಿದೆಯೆಂದು ಚಿಪ್ ತಿಳಿಸಲಾರದು. ಸಿಕ್ಕಿದ ರಾಸು ಯಾರದೆಂದು ತಿಳಿಯಲು ನೆರವಾಗಬಲ್ಲದು.

ರಾಷ್ಟ್ರೀಯ ಹೆದ್ದಾರಿ ಮತ್ತು ಫಾಸ್ಟ್ಯಾಗ್ ಕುರಿತ ದೂರುಗಳಿಗೆ ಸಹಾಯವಾಣಿ ಸಂಖ್ಯೆ 1033ನ್ನು ಸಂಪರ್ಕಿಸಬಹುದಾಗಿದೆ.