ನಮ್ಮೂರಿನ ಹಳೇ ನಕ್ಷೆ ಏನು ಹೇಳುತ್ತೆ?

ಸ್ನೇಹಿತರೇ, ನಮ್ಮ ಕೆರೆಯ ಆಚೆಗಿರೋ ಜಾಗಕ್ಕೆ 'ಹಳೇವೂರು ಹೊಲ' ಅಂತ ಯಾಕೆ ಹೆಸರು ಬಂತು? ಅಲ್ಲಿ ಊರೂ ಇಲ್ಲ, ಮನೆಯೂ ಇಲ್ಲ. ದನ ಮೇಯಿಸಲು ಎಷ್ಟೋ ಸಲ ಅಲ್ಲಿಗೆ ಹೋಗಿದ್ದೇನೆ. ಆದರೆ ಈ ಪ್ರಶ್ನೆ ಹೊಳೆದದ್ದು ನಮ್ಮ ಸಮಾಜದ ಮೇಷ್ಟ್ರು ಒಂದು ಹಳೇ ನಕ್ಷೆಯ ಬಣ್ಣದ ಪ್ರತಿ ತಂದು ಮೇಜಿನ ಮೇಲೆ ಹರಡಿದಾಗಲೇ.

ಇದಕ್ಕೆ ಸ್ಥಳಾಕೃತಿ ನಕ್ಷೆ ಅಂತ ಹೆಸರು. ಮೇಷ್ಟ್ರು 'ಟೋಪೋಶೀಟ್' ಅಂತಾರೆ. ಇದನ್ನು ತಯಾರಿಸುವುದು 1767ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾ. ಹಳೇ ಹಾಳೆಯಲ್ಲಿ ನೆಲದ ಒಂದು ಮೈಲಿಗೆ ಒಂದು ಇಂಚು. ಆಮೇಲೆ ಬಂದ ಹಾಳೆಗಳಲ್ಲಿ ಒಂದು ಕಿಲೋಮೀಟರಿಗೆ 2 ಸೆಂಟಿಮೀಟರ್. ಪ್ರತಿ ಹಾಳೆಗೂ ಒಂದು ಸಂಖ್ಯೆ ಇದೆ. ಬೆಂಗಳೂರಿನ ಲಾಲ್‌ಬಾಗ್ ಇರುವ ಹಾಳೆ 57 ಎಚ್/9.

ಓದುವುದು ಕಷ್ಟವಲ್ಲ. ಊರು ಮತ್ತು ರಸ್ತೆ ಕೆಂಪು, ಬೇಸಾಯದ ಭೂಮಿ ಹಳದಿ, ಕಾಡು ಹಸಿರು. ನೀರಿರುವ ಹೊಳೆ ನೀಲಿ, ಬತ್ತಿಹೋಗುವ ಹಳ್ಳ ಕಪ್ಪು. ಕಂದು ಗೆರೆಗಳು ಸಮಾನ ಎತ್ತರದ ಗೆರೆಗಳು. ಅವು ಗುಡ್ಡದ ತಲೆಯ ಕಡೆಗೆ ಮೊನೆಯಾಗಿ ಬಾಗಿದ್ದರೆ ಅಲ್ಲಿ ನೀರು ಹರಿಯುವ ತಗ್ಗು ಇದೆ ಅಂತ ತಿಳಿಯಬೇಕು. ಕೆರೆ ಏರಿಯ ಹತ್ತಿರ ಅಂಕಿಯ ಜೊತೆ ಚಿಕ್ಕ 'ಆರ್' ಅಕ್ಷರ ಇದ್ದರೆ ಅದು ಸಮುದ್ರಮಟ್ಟದಿಂದ ಅಳೆದದ್ದಲ್ಲ, ಪಕ್ಕದ ನೆಲದಿಂದ ಅಳೆದ ಎತ್ತರ. ಜನ ಬಿಟ್ಟುಹೋದ ಊರಿಗೂ ಬೇರೆ ಗುರುತು ಇದೆ. ನಕ್ಷೆಯ ಕೆಳಗಿನ ಸೂಚಿಯಲ್ಲಿ ನೋಡಬಹುದು.

ಆ ಗುರುತು ನಮ್ಮ ಹಾಳೆಯಲ್ಲೂ ಸಿಕ್ಕಿತು! ಕೆರೆಯಿಂದ ಅರ್ಧ ಇಂಚು ದೂರ, ಅಂದರೆ ಅರ್ಧ ಮೈಲಿ, ಸುಮಾರು 800 ಮೀಟರ್. ಭಾನುವಾರ ನಾವು ನಾಲ್ಕು ಜನ ಹೋಗಿ ನೋಡಿದೆವು. ಮುಚ್ಚಿಹೋದ ಬಾವಿಯ ಕಲ್ಲುಗಳು, ಮಡಕೆ ಚೂರುಗಳು, ಎರಡು ಮುದಿ ಹುಣಸೆ ಮರ. ಮನೆಗೆ ಬಂದು ಅಜ್ಜಿಯನ್ನು ಕೇಳಿದೆ. "ಅದೇ ಕಣಪ್ಪ ನಮ್ಮ ಹಿರೀಕರ ಊರು. ಪ್ಲೇಗು ಬಂದಾಗ ಎಲ್ರೂ ಈಚೆ ಬಂದು ಗುಡಿಸಲು ಹಾಕ್ಕೊಂಡ್ರಂತೆ. ತಿರುಗಿ ಹೋಗ್ಲೇ ಇಲ್ಲ" ಅಂದರು. ಮೈಸೂರು ಸೀಮೆಗೆ ಪ್ಲೇಗು ಬಂದದ್ದು 1898ರಲ್ಲಿ ಅಂತ ಮೇಷ್ಟ್ರು ಹೇಳಿದರು. ಇಂಥ ಊರಿಗೆ ಕಂದಾಯದ ದಾಖಲೆಯಲ್ಲಿ 'ಬೇಚಿರಾಕ್ ಗ್ರಾಮ' ಅಂತಾರೆ. ಚಿರಾಗ್ ಅಂದರೆ ದೀಪ. ದೀಪ ಉರಿಯದ ಊರು ಅಂತ ಅರ್ಥ.

ಹೀಗೆ ನಕ್ಷೆಯಲ್ಲಿ ಮಾತ್ರ ಉಳಿದ ಊರುಗಳು ಮಲೆನಾಡಿನಲ್ಲೂ ಇವೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಅನೇಕ ಹಳ್ಳಿಗಳು ಮುಳುಗಿದವು. 1948ರಲ್ಲಿ ಮುಗಿದಿದ್ದ ಹಿರೇಭಾಸ್ಕರ ಅಣೆಕಟ್ಟೂ ನೀರಿನೊಳಗೆ ಹೋಯಿತು. ಅದಕ್ಕೂ ಮೊದಲಿನ ಹಾಳೆ ನೋಡಿದರೆ ಈಗ ನೀರಿರುವ ಕಡೆ ಊರು, ದಾರಿ, ಗದ್ದೆ ಕಾಣುತ್ತವೆ.

ಈಗ ಮುಖ್ಯ ಸಂಗತಿ. ನಮ್ಮ ಹಾಳೆಯಲ್ಲಿ ಗುಡ್ಡದಿಂದ ಹಳೇವೂರಿನ ಪಕ್ಕದಲ್ಲೇ ಒಂದು ಕಪ್ಪು ಗೆರೆ ಇಳಿದು ಕೆರೆಗೆ ಸೇರುತ್ತದೆ. ಅದೇ ದಾರಿ ಹಿಡಿದು ನಡೆದೆವು. ಹಳ್ಳ ಇದೆ, ಆದರೆ ಡಾಂಬರು ರಸ್ತೆಯ ಹತ್ತಿರ ನಿಂತುಹೋಗಿದೆ. ಅಲ್ಲಿ ಮೋರಿಯೇ ಇಲ್ಲ! ಮಳೆನೀರು ರಸ್ತೆ ಬದಿಗೆ ತಿರುಗಿ ಬೇರೆ ಕಡೆ ಹೋಗುತ್ತೆ. ನಮ್ಮ ಕೆರೆ ಕೋಡಿ ಬಿದ್ದದ್ದನ್ನು ನಾನು ಕಂಡೇ ಇಲ್ಲ. ಮಳೆ ಕಮ್ಮಿ ಅಂತ ಎಲ್ಲರೂ ಹೇಳ್ತಾರೆ. ಅದೂ ನಿಜ ಇರಬಹುದು. ಆದರೆ ಬಿದ್ದ ಮಳೆಗೂ ದಾರಿ ಬೇಡವೇ?

ಒಂದು ಎಚ್ಚರಿಕೆ. ನಕ್ಷೆ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಊರ ಹೆಸರು ಇಂಗ್ಲಿಷ್ ಅಕ್ಷರದಲ್ಲಿರುತ್ತೆ, ಅದರಲ್ಲಿ 'ಲ', 'ಳ' ಎರಡೂ ಒಂದೇ. ಹೊಲದ ಗಡಿ ಜಗಳಕ್ಕಂತೂ ಇದು ಆಗುವುದಿಲ್ಲ. ಅದಕ್ಕೆ ಗ್ರಾಮ ನಕಾಶೆ, ಟಿಪ್ಪಣಿ ಬೇರೆ ಇವೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿದ ಕಾಲಿನ್ ಮೆಕೆಂಜಿ ಬರೀ ಅಳತೆ ಮಾಡಲಿಲ್ಲ. ಶಾಸನಗಳ ಪ್ರತಿಯನ್ನೂ ಊರೂರಿನ ಕೈಫಿಯತ್ತುಗಳನ್ನೂ ಕೂಡಿಸಿದ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು ಅವನೇ. ನಾವೂ ಹಾಗೇ ಮಾಡಬೇಕು: ಮೊದಲು ನಕ್ಷೆ ನೋಡು, ಆಮೇಲೆ ನಡೆದು ನೋಡು, ಕಡೆಗೆ ಹಿರಿಯರನ್ನು ಕೇಳು. ನಕ್ಷೆ ಕಾಯುತ್ತೆ, ಅಜ್ಜ ಅಜ್ಜಿಯರು ಎಷ್ಟು ದಿನ ಕಾಯ್ತಾರೆ?

ನಾವು ಹಳ್ಳದ ದಾರಿಯನ್ನು ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಬರೆದು ಪಕ್ಕದಲ್ಲೇ ಅಂಟಿಸಿದ್ದೇವೆ. ಮುಂದಿನ ಗ್ರಾಮಸಭೆಗೆ ಅದನ್ನು ತೆಗೆದುಕೊಂಡು ಹೋಗ್ತೇವೆ. ನಿಮ್ಮ ಮನೆಯ ಹಿರಿಯರಿಗೆ ಆ ಹಳ್ಳದ ಹೆಸರು ಗೊತ್ತಿದ್ದರೆ ಕೇಳಿಕೊಂಡು ಬನ್ನಿ. ನಕ್ಷೆಯಲ್ಲಿ ಅದಕ್ಕೆ ಹೆಸರಿಲ್ಲ. ಅಲ್ಲಿ ಬರೆಯಲು ಜಾಗ ಬಿಟ್ಟಿದ್ದೇವೆ.

— 9ನೇ ತರಗತಿಯ ವಿದ್ಯಾರ್ಥಿ